ಕಡೇ ಮನೆಯ ಪಾಳಿ

ಸಿಹಿಬಾವಿ ಓಣಿ, ಹುಬ್ಬಳ್ಳಿ
ಹದಿಮೂರನೆಯ ತಿಂಗಳು, ಎರಡನೆಯ ಶುಕ್ರವಾರ, ೨೧೭೪

ಹಿರಿಯರಾದ ಫಕೀರವ್ವ ಆಯಿಯವರ ಪಾದಕ್ಕೆ, ನಿಮ್ಮ ಮಗಳ ಪೀಳಿಗೆಯ ಆರನೆಯ ತಲೆಯ ಕಾಶವ್ವ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ಯಾರೋ ತಲೆ ಕೆಟ್ಟವರು ಬರೆದಿದ್ದಾರೆಂದು ಕಾಗದವನ್ನು ಒಲೆಗೆ ಹಾಕಬೇಡಿ. ನಿಮ್ಮಲ್ಲಿ ಆಗೊಮ್ಮೆ ಈಗೊಮ್ಮೆ ಬರುವ ಅಧಿಕ ಮಾಸ ನಮ್ಮಲ್ಲಿ ಪ್ರತಿ ವರ್ಷ ಬರುತ್ತದೆ. ಬೇಸಿಗೆ ಅಷ್ಟು ಉದ್ದವಾಗಿದೆ, ಹಾಗಾಗಿ ಅದಕ್ಕೆ ಇನ್ನೊಂದು ತಿಂಗಳನ್ನು ಬಿಟ್ಟುಕೊಟ್ಟೆವು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಅವು ನಿಮ್ಮ ಮಾತುಗಳೇ, ಬಳಸಿ ಬಳಸಿ ಆಕಾರ ಬದಲಾಗಿವೆ ಅಷ್ಟೆ. ನನ್ನ ಹೆಸರನ್ನಂತೂ ನೀವು ಗುರುತಿಸುತ್ತೀರಿ. ನಿಮ್ಮ ಕಾಲದ ಹುಡುಗಿಯರು ಮೂಗು ಮುರಿಯುತ್ತಿದ್ದ ಹೆಸರುಗಳೆಲ್ಲ ನಮ್ಮ ಕಾಲಕ್ಕೆ ಹೊಸದಾಗಿವೆ. ನನ್ನ ಓರಗೆಯವರಲ್ಲಿ ಓಣಿಗೆ ಇಬ್ಬಿಬ್ಬರು ಕಾಶವ್ವಂದಿರು ಇದ್ದೇವೆ.

ಇನ್ನೊಂದು ತಪ್ಪನ್ನೂ ಮನ್ನಿಸಬೇಕು. ನಮ್ಮ ಮನೆಯಲ್ಲಿ ಆಯಿಗೆ ಯಾರೂ ‘ನೀವು’ ಅನ್ನುವುದಿಲ್ಲ, ‘ನೀ’ ಅನ್ನುತ್ತೇವೆ. ಆದರೆ ಮುಖ ನೋಡದ, ದನಿ ಕೇಳದ ಹಿರಿಯರನ್ನು ಒಮ್ಮೆಲೇ ‘ನೀ’ ಎಂದು ಕರೆಯಲು ನಾಲಿಗೆ ಏಳುತ್ತಿಲ್ಲ. ಮುಖದ ಚಿಂತೆ ನನಗಿಲ್ಲ. ಕನ್ನಡಿ ನೋಡಿದರೆ ನಿಮ್ಮದೇ ಮೂಗಂತೆ, ಹೇಳುವವರು ಹೇಳುತ್ತಾರೆ. ಕೇಳದೆ ಉಳಿದ ದನಿಯ ಸಲುವಾಗಿಯೇ ಈ ಕಾಗದ.

ಇದು ನಿಮ್ಮ ಕೈಗೆ ಯಾವ ವಾರ ಸಿಗಬೇಕೆಂದು ನಾನು ಲೆಕ್ಕ ಹಾಕಿದ್ದೇನೆ. ನಿಮ್ಮಲ್ಲಿ ಈಗ ಊರಿನ ರೈಲಿನ ಹಳಿಯನ್ನು ನಮ್ಮ ಓಣಿಯ ಮೂಲಕ ಮುಂದಕ್ಕೆ ಎಳೆಯುವ ಮಾತು ನಡೆದಿದೆ. ಶಾಲೆಯ ದೊಡ್ಡ ಕೋಣೆಯಲ್ಲಿ ಓಣಿಯವರ ಸಭೆ ಎರಡು ಸಲ ಆಗಿದೆ, ಶನಿವಾರ ಕೊನೆಯದು. ಮನೆ ಮನೆಗೆ ಹಂಚಿದ ಚೀಟಿ ನಿಮ್ಮ ಮನೆಗೂ ಬಂದಿದೆ. ಪ್ಲಾಟ್‌ಫಾರಂ ಎಂಬ ಮಾತನ್ನು ಕನ್ನಡಕ್ಕೆ ತರಲು ಹೊರಟ ಯಾವನೋ ಪುಣ್ಯಾತ್ಮ ಅದರಲ್ಲಿ ‘ನಿಮ್ಮ ಓಣಿಯ ಕಟ್ಟೆ ಹೇಗಿರಬೇಕು? ಬಂದು ಹೇಳಿ’ ಎಂದು ಬರೆದಿದ್ದಾನೆ. ಹಳಿ ಬರುವುದು ಓಣಿಯ ಕಡೇ ಮನೆಯ, ಅಂದರೆ ನಿಮ್ಮ ಮನೆಯ, ಮುಂದಿನ ಕಟ್ಟೆಯ ಮೇಲೆಯೇ. ನೀವು ಕೂತು ಕೌದಿ ಹೊಲಿಯುವ, ಓಣಿಯ ಹೆಂಗಸರೆಲ್ಲ ಹಳೆಯ ಸೀರೆಯ ಗಂಟು ತಂದು ಕೂರುವ ಕಟ್ಟೆ ಅದು. ಅದನ್ನು ಒಡೆಯುತ್ತಾರೆಂದು ತಿಳಿದ ದಿನವೇ ಆ ಚೀಟಿ ಬಂತು. ನೀವು ಅದನ್ನು ಓದಿಸಿಕೊಂಡು ಹೇಳಿದ ಮಾತು ಬಾಯಿಂದ ಬಾಯಿಗೆ ದಾಟಿ ನನ್ನ ತನಕ ಬಂದಿದೆ: “ಕಟ್ಟಿ ಒಡ್ಯಾಕ ಬಂದವ್ರು ಕಟ್ಟಿ ಹೆಂಗಿರಬೇಕಂತ ನನ್ನ ಕೇಳ್ತಾರಲ್ಲ, ಇವ್ರ ಬಾಯಾಗ ಮಣ್ಣ ಬೀಳ್ಲಿ!” ಆಮೇಲೆ ಬಾಗಿಲು ಹಾಕಿಕೊಂಡಿರಿ. ಎರಡು ಸಭೆಗೂ ಹೋಗಲಿಲ್ಲ. ಅಲ್ಲಿಂದ ಕರೆಯಲು ಬಂದವರಿಗೆ ಬೆನ್ನು ತೋರಿಸಿದಿರಿ.

ನಿಮ್ಮದು ತಪ್ಪೆಂದು ನಾನು ಹೇಳುವುದಿಲ್ಲ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ, ಇನ್ನೆರಡು ಬೈಗುಳ ಸೇರಿಸುತ್ತಿದ್ದೆ. ಆದರೆ ಬಾಗಿಲು ಹಾಕಿಕೊಂಡವರಿಗೆ ಹೊರಗೆ ಏನು ನಡೆಯಿತೆಂದು ಗೊತ್ತಾಗುವುದಿಲ್ಲ. ಹಟಕ್ಕೆ ಬಿದ್ದ ನಿಮಗೆ ಆಗ ಯಾರೂ ಹೇಳದ್ದನ್ನು ನಾನು ಹೇಳಬೇಕಾಗಿದೆ.

ಎರಡನೆಯ ಸಭೆಯಲ್ಲಿ ಆದದ್ದು ಇದು. ಹಳಿಯ ಕೆಲಸಕ್ಕೆ ಮಂಗಳೂರಿನಿಂದ ಬಂದ ಇಂಜಿನಿಯರ್ ಪಿಂಟೊ ಮೇಡಂ ಚೀಟಿಯಲ್ಲಿದ್ದ ಹಾಗೆಯೇ, ಕಟ್ಟೆ ಹೇಗಿರಬೇಕು ಹೇಳಿ ಎಂದರು. ರೈಲಿನವರು ನಮಗೊಂದು ಕಟ್ಟೆ ಕಟ್ಟಿಸಿ ಕೊಡುತ್ತಾರೆಂದೇ ಓಣಿಯವರು ತಿಳಿದರು. ಮೊದಲನೆಯ ಮನೆಯ ಮೋದಿನಸಾಬ ನದಾಫರು ಎದ್ದು ಮೊಣಕಾಲು ತಟ್ಟಿ ತೋರಿಸಿದರು: “ಇಷ್ಟ ಎತ್ತರ ಸಾಕ್ರಿ. ಕುಂತ್ರ ಕಾಲು ನೆಲಕ್ಕ ಹತ್ತಬೇಕು.” ನಿಮ್ಮ ಎದುರು ಮನೆಯ ಇಂದ್ರಾಬಾಯಿ ಬಿಡುತ್ತಾರೆಯೇ? “ಎರಡ ಕೌದಿ ಮಗ್ಗಲಿಗೆ ಮಗ್ಗಲ ಹಾಸೂವಷ್ಟು ಅಗಲ ಬೇಕ್ರಿ. ಬೆನ್ನಿಗೆ ಗ್ವಾಡಿ, ಗ್ವಾಡ್ಯಾಗ ದೀಪಕ್ಕೊಂದು ಗೂಡು.” ಒಬ್ಬರು ಕರಿಕಲ್ಲಿನ ಚಪ್ಪಡಿ ಎಂದರು, ಒಬ್ಬರು ಮಧ್ಯಾಹ್ನದ ಮೇಲೆ ನೆರಳು ಬೀಳಬೇಕು ಎಂದರು. ಮೇಡಂ ಬರೆದುಕೊಂಡೇ ಬರೆದುಕೊಂಡು ಕೊನೆಗೆ ತಲೆ ಎತ್ತಿ, “ಅಲ್ಲ, ಮೊಣಕಾಲಷ್ಟೇ ಎತ್ತರ ಇದ್ದರೆ ರೈಲು ಹತ್ತುವುದು ಹೇಗೆ?” ಎಂದಾಗ ಎಲ್ಲರಿಗೂ ತಿಳಿಯಿತು. ಕೋಣೆಯ ತುಂಬ ನಗೆ. ಇಂದ್ರಾಬಾಯಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತಂತೆ.

ನಗೆ ಅಡಗಿದ ಮೇಲೆ ಪಿಂಟೊ ಮೇಡಂ ಕೇಳಿದರು: “ನೀವು ಹೇಳಿದ ಕಟ್ಟೆ ಎಲ್ಲಿಯಾದರೂ ಉಂಟಾ? ನೋಡಬಹುದಾ?” ಒಬ್ಬೊಬ್ಬರು ಒಂದೊಂದು ಹೇಳಿದ್ದರು, ಆದರೆ ಹೇಳುವಾಗ ಎಲ್ಲರ ಕಣ್ಣ ಮುಂದೆ ಇದ್ದದ್ದು ಒಂದೇ ಕಟ್ಟೆ. ನಕ್ಷೆಯಲ್ಲಿ ಅದು ಇರಲಿಲ್ಲ. ಮನೆಯ ಗೋಡೆಯಿಂದ ಆಚೆಗಿನದೆಲ್ಲ ನಕ್ಷೆಗೆ ಬರೀ ರಸ್ತೆ. ಮೋದಿನಸಾಬರು ತಲೆ ತಗ್ಗಿಸಿಯೇ, “ಐತ್ರಿ. ನೀವು ಒಡೀತೀರಲ್ಲ, ಅದರೀ” ಎಂದರಂತೆ. ಅವತ್ತೇ ಮೇಡಂ ಅಳತೆ ಪಟ್ಟಿ ಹಿಡಿದು ನಿಮ್ಮ ಬಾಗಿಲಿಗೆ ಬಂದದ್ದು. ನೀವು ಕದ ತೆರೆಯಲಿಲ್ಲ. ಆದರೆ ಅವರು ಅಳೆದು ಮುಗಿಸುವಷ್ಟರಲ್ಲಿ ಕಿಟಕಿಯ ಸಂದಿಯಿಂದ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕಟ್ಟೆಯ ಮೇಲೆ ಬಂದಿತ್ತು. ಬೈದವರಿಗೂ ಬೆಲ್ಲ ಕೊಟ್ಟ ಆಯಿ ಎಂದು ನಮ್ಮ ಮನೆಯಲ್ಲಿ ಇಂದಿಗೂ ನಿಮ್ಮನ್ನು ಹೊಗಳುತ್ತಾರೆ. ಬೈದವರು ನೀವೇ, ಬೈಸಿಕೊಂಡವರು ಅವರು. ಆದರೂ ಹೊಗಳಿಕೆ ನಿಮಗೇ.

ಇನ್ನು ಮುಂದಿನದು ನಿಮ್ಮಲ್ಲಿ ಇನ್ನೂ ಆಗದ್ದು. ಮೇಡಂ ಹಳಿಯನ್ನು ಸರಿಸಲು ನೋಡಿದರು. ಅತ್ತ ಬಾವಿ, ಇತ್ತ ಶಾಲೆ, ಅವರ ಕೈಲಾಗಲಿಲ್ಲ. ನಿಮ್ಮ ಕಟ್ಟೆ ಹೋಯಿತು, ಆಯಿ. ಅದನ್ನು ಮುಚ್ಚಿಟ್ಟು ಬರೆಯುವುದು ನನ್ನಿಂದ ಆಗದು. ಆದರೆ ಅವರು ನಕ್ಷೆಯನ್ನು ಮತ್ತೆ ಬರೆದರು. ಗಾಡಿ ಹತ್ತಲು ಬೇಕಾದ ಎತ್ತರದ ಪ್ಲಾಟ್‌ಫಾರಂ ಮೇಲೆ, ಅದರ ಬೆನ್ನಿಗೆ, ಈ ತುದಿಯಿಂದ ಆ ತುದಿಯ ತನಕ ನಿಮ್ಮ ಕಟ್ಟೆಯನ್ನೇ ಎಳೆದರು. ಅದೇ ಎತ್ತರ, ಅದೇ ಅಗಲ, ಬೆನ್ನಿಗೆ ಗೋಡೆ, ಅಲ್ಲಲ್ಲಿ ದೀಪದ ಗೂಡು. ಕಡೇ ತುದಿಯಲ್ಲಿ ಹಾಸಿರುವುದು ನಿಮ್ಮದೇ ಚಪ್ಪಡಿ. ನೀವು ಸೂಜಿ ಮಸೆದ ಗೆರೆಗಳು ಅದರ ಮೇಲೆ ಇನ್ನೂ ಇವೆ. ನಾನು ಅಲ್ಲಿಯೇ ಕೂರುತ್ತೇನೆ, ಬೆರಳಿಗೆ ಹತ್ತುತ್ತವೆ. ನೀವು ಮಾತ್ರ ಅದರ ಮೇಲೆ ಒಮ್ಮೆಯೂ ಕೂರಲಿಲ್ಲವಂತೆ. ಮನೆ ಬಿಟ್ಟು ಮಗಳ ಮನೆ ಸೇರಿ, ಸ್ಟೇಷನ್ ಕಾಣಬಾರದೆಂದು ಸಂತೆಗೆ ಸುತ್ತು ಹಾಕಿ ಹೋಗುತ್ತಿದ್ದಿರಂತೆ. ಬಲು ಗಟ್ಟಿ ಹೆಣ್ಣುಮಗಳು!

ನಿಮ್ಮ ಕಟ್ಟೆಯ ಮೇಲೆ ಈಗ ಬದುಕು ಹೇಗೆ ನಡೆಯುತ್ತದೆಂದು ಹೇಳಬೇಕು. ನಮ್ಮ ಗಾಡಿಗಳು ಬಿಸಿಲಿನಿಂದ ಓಡುತ್ತವೆ, ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ಕಡೇ ಗಾಡಿ ಹೋಗಿಬಿಡುತ್ತದೆ. ನಡುಮಧ್ಯಾಹ್ನ ‘ಉರಿಹೊತ್ತು’, ಆಗ ಯಾರೂ ಬಯಲಲ್ಲಿ ಕೆಲಸ ಮಾಡಬಾರದೆಂಬ ಕಟ್ಟಳೆ ಇದೆ. ಓಣಿಗೆ ಓಣಿಯೇ ಸ್ಟೇಷನ್ನಿನ ನೆರಳಿಗೆ ಬಂದು ಕಟ್ಟೆ ಹಿಡಿಯುತ್ತದೆ. ರೊಟ್ಟಿಗಂಟು ಬಿಚ್ಚುವುದು ಅಲ್ಲೇ, ಶೇಂಗಾ ಚಟ್ನಿಗೆ ಉಪ್ಪು ಕಡಿಮೆ ಎಂದು ಹೆಸರಿಡುವುದು ಅಲ್ಲೇ, ಮದುವೆ ಮಾತು ಕೂಡಿಸುವುದು, ಮುರಿಯುವುದು ಅಲ್ಲೇ. ಬೇರೆ ಸ್ಟೇಷನ್ನುಗಳಲ್ಲಿ ಜನ ಹಳಿ ನೋಡುತ್ತ ನಿಲ್ಲುತ್ತಾರಂತೆ. ನಮ್ಮವರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತು ಗಾಡಿ ಬಿಡುತ್ತಾರೆ. ಸಿಹಿಬಾವಿಯವರಿಗೆ ಗಾಡಿ ತಪ್ಪುವುದು ಒಂದು ಹಬ್ಬ ಎಂದು ಹೊರಗಿನವರು ಹಂಗಿಸುತ್ತಾರೆ. ಹಂಗಿಸಲಿ, ಹಂಗಿಸಿದವರೂ ಎರಡು ದಿನ ಕೂತರೆ ಮೂರನೆಯ ದಿನ ಅವರಿಗೂ ಗಾಡಿ ತಪ್ಪುತ್ತದೆ.

ನಿಮ್ಮ ಸಭೆಗಳಿಂದಲೇ ನಮ್ಮಲ್ಲಿ ‘ಕೇಳಿಕೆ’ ಎಂಬ ಪದ್ಧತಿ ಬಂದಿದೆ. ಹಳಿ ಹಾಕುವ ಮೊದಲು, ಬಾವಿ ಮುಚ್ಚುವ ಮೊದಲು, ಮರಕ್ಕೆ ಕೈ ಹಚ್ಚುವ ಮೊದಲು ಅಲ್ಲಿರುವವರನ್ನು ಕೂರಿಸಿ ಕೇಳಬೇಕು. ಮನೆಯ ಗೋಡೆಯಿಂದ ಆಚೆ ಏನೇನಿದೆ ಎಂಬುದೇ ಮೊದಲ ಪ್ರಶ್ನೆ. ಆ ಪ್ರಶ್ನೆ ನಿಮ್ಮ ಕಟ್ಟೆಯಿಂದ ಹುಟ್ಟಿದ್ದು. ಅದು ಗೊತ್ತಿಲ್ಲದೆ ಊರೂರಿನಲ್ಲಿ ಜನ ಅದನ್ನು ಕೇಳುತ್ತಿದ್ದಾರೆ.

ಈಗ ಶನಿವಾರದ ವಿಷಯಕ್ಕೆ ಬರುತ್ತೇನೆ. ಕೊನೆಯ ಸಭೆಯಲ್ಲಿ ಸ್ಟೇಷನ್ನಿನಲ್ಲಿ ಗಾಡಿ ಬಂತು, ಹೋಯಿತು ಎಂದು ಕೂಗಿ ಹೇಳುವವರು ಯಾರು ಎಂಬ ಮಾತು ಬರುತ್ತದೆ. ಮೋದಿನಸಾಬರು, “ಯಾವಾಕೀನೋ ಮೂಗಿನ್ಯಾಗ ಹೇಳಿದ್ರ ನಮಗೇನ ತಿಳೀತೈತ್ರಿ? ನಮ್ಮ ಮಂದೀನ ಹೇಳ್ಲಿ” ಎನ್ನುತ್ತಾರೆ. ಹಾಗೆ ಓಣಿಯ ಸಾಲಿನಂತೆ ಮನೆಗೊಂದು ಗಾಡಿ ಎಂದು ಪಾಳಿ ಆಗುತ್ತದೆ, ಅಲ್ಲಿಯೇ ಒಬ್ಬೊಬ್ಬರ ದನಿಯನ್ನು ಯಂತ್ರದಲ್ಲಿ ಹಿಡಿದುಕೊಳ್ಳುತ್ತಾರೆ. ಆ ದನಿಗಳು ಇನ್ನೂ ನಡೆಯುತ್ತಿವೆ, ಆಯಿ! ಯಂತ್ರಗಳು ಎಷ್ಟೋ ಬದಲಾದವು, ಪ್ರತಿ ಸಲವೂ ದನಿಯನ್ನು ಹಳೆಯದರಿಂದ ಹೊಸದಕ್ಕೆ ದಾಟಿಸಿದರು. ದಿನಾ ಬಳಸುವ ಪಾತ್ರೆಗೆ ಕಿಲುಬು ಹಿಡಿಯುವುದಿಲ್ಲ. ಬೆಳಗಿನ ಮೊದಲ ಗಾಡಿಗೆ ಮೋದಿನಸಾಬರು ಕೆಮ್ಮಿ, “ಹಿಂದ ಸರದ ನಿಂದ್ರಿ, ಗಾಡಿ ಬರಾಕತ್ತೈತಿ” ಅನ್ನುತ್ತಾರೆ. ಅವರ ಮನೆಯ ಮಕ್ಕಳು ಎಲ್ಲಿದ್ದರೂ ಒಂದು ಗಳಿಗೆ ನಿಲ್ಲುತ್ತಾರೆ. ಇಂದ್ರಾಬಾಯಿ, “ಸಾವಕಾಶ ಇಳೀರಿ, ಗಾಡಿ ಎಲ್ಲೂ ಓಡಿ ಹೋಗೂದಿಲ್ಲ” ಎನ್ನುತ್ತಾರೆ. ಅವರ ವಂಶದ ವೆಂಕಣ್ಣ ಯಾವ ಕೆಲಸಕ್ಕೂ ಹೊತ್ತಿಗೆ ಹೋದವನಲ್ಲ. ಕೇಳಿದರೆ ‘ನಮ್ಮಜ್ಜಿಯ ಅಪ್ಪಣೆ’ ಎನ್ನುತ್ತಾನೆ.

ಸಾಲಿನ ಕಡೇ ಮನೆಗೆ ಕಡೇ ಗಾಡಿ ಬಂತು. ಅದಕ್ಕೆ ಹೇಳಬೇಕಾಗಿದ್ದದ್ದು ‘ಇನ್ನು ಇವತ್ತಿಗೆ ಗಾಡಿ ಇಲ್ಲ’ ಎಂದು. ನಿಮ್ಮ ಬದಲು ಹೇಳಲು ಯಾರೂ ಮುಂದೆ ಬರಲಿಲ್ಲ. ಅಕ್ಕಿ ತೀರಿದರೂ ‘ಇಲ್ಲ’ ಅನ್ನದೆ ‘ಹೆಚ್ಚೈತಿ’ ಅನ್ನುವ ಮಂದಿ, ಮನೆಗೆ ಹೊರಟವರ ಮುಂದೆ ‘ಇಲ್ಲ’ ಎಂದಾರೆಯೇ? ಪಿಂಟೊ ಮೇಡಂ, ಕಡೇ ಮನೆಯವರು ಬಂದೇ ಬರುತ್ತಾರೆ, ಅವರ ಜಾಗ ಇರಲಿ ಎಂದು ಗಂಟೆಯ ಸದ್ದು ಹಾಕಿ, ಅದರ ಮುಂದೆ ಖಾಲಿ ಬಿಟ್ಟರು. ನೀವು ಬರಲಿಲ್ಲ. ಆ ಖಾಲಿಯನ್ನೂ ಉಳಿದ ದನಿಗಳ ಜೊತೆ ಯಂತ್ರದಿಂದ ಯಂತ್ರಕ್ಕೆ ದಾಟಿಸುತ್ತಲೇ ಬಂದಿದ್ದಾರೆ. ದಿನಾ ದೀಪ ಹಚ್ಚುವ ಹೊತ್ತಿಗೆ ಗಂಟೆ ಬಾರಿಸುತ್ತದೆ, ಆಮೇಲೆ ಏನೂ ಇಲ್ಲ. ಓಣಿಯವರು ಮಾತು ನಿಲ್ಲಿಸಿ, ಆ ಸುಮ್ಮನಿರುವ ಹೊತ್ತು ಮುಗಿದ ಮೇಲೆ ಏಳುತ್ತಾರೆ. ಅದು ನಮ್ಮ ಮನೆಯ ಪಾಳಿ. ಸಣ್ಣವಳಿದ್ದಾಗ ಓರಗೆಯವರು, “ಕಾಶೀ, ನಿಮ್ಮ ಆಯಿ ಈಗ ಮಾತಾಡಿದ್ಲಲ್ಲ, ಕೇಳಿದಿಲ್ಲ?” ಎಂದು ಛೇಡಿಸುತ್ತಿದ್ದರು. ಅಳುತ್ತ ಮನೆಗೆ ಬರುತ್ತಿದ್ದೆ. ಈಗ ಅಳುವುದಿಲ್ಲ. ಕಿವಿಗೊಟ್ಟು ಕೂರುತ್ತೇನೆ, ಒಂದು ಉಸಿರಾದರೂ ಇದ್ದೀತೆಂದು.

ನಿಮ್ಮ ದನಿ ಬೇರೆಲ್ಲಿಯೂ ಉಳಿದಿಲ್ಲ. ನಿಮ್ಮ ಕಾಲದಲ್ಲಿ ಎಲ್ಲರ ಕೈಯಲ್ಲೂ ಫೋನು ಇತ್ತಂತೆ, ನಕ್ಕದ್ದು, ಹಾಡಿದ್ದು ಎಲ್ಲ ಅದರಲ್ಲಿ ಇರುತ್ತಿತ್ತಂತೆ. ನಮ್ಮ ಮನೆಯಲ್ಲೂ ಒಂದು ಉಳಿದಿದೆ. ತೆರೆಯುವ ವಿದ್ಯೆ ಯಾರಿಗೂ ಗೊತ್ತಿಲ್ಲ, ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಡುತ್ತೇವೆ. ನಿಮ್ಮ ಕೈಯ ಕೌದಿಯ ಒಂದು ತುಂಡಿದೆ, ಹೊಲಿಗೆ ಇನ್ನೂ ಬಿಟ್ಟಿಲ್ಲ. ಕಟ್ಟೆಯಿದೆ, ಬೆಲ್ಲದ ಕತೆಯಿದೆ, ಮೂಗಿದೆ. ದನಿ ಮಾತ್ರ ಇಲ್ಲ. ಮನೆ ತುಂಬ ಸಾಮಾನಿದ್ದು ಬೀಗದ ಕೈ ಕಳೆದುಕೊಂಡವಳ ಹಾಗೆ ಆಗಿದೆ ನನ್ನ ಪಾಡು.

ಇಷ್ಟು ದಿನ ಇಲ್ಲದ ಅವಸರ ಈಗ ಏಕೆಂದರೆ, ಬರುವ ಸೋಮವಾರ ನಮ್ಮಲ್ಲೊಂದು ಕೇಳಿಕೆ ಇದೆ. ಕಡಲು ಏರಿ ಊರು ಕಳೆದುಕೊಂಡ ಕರಾವಳಿಯ ಮಂದಿ ನಮ್ಮ ಓಣಿಯಲ್ಲಿ ನೆಲೆಸಿದ್ದಾರೆ. ಅವರಿಗೆ ನಮ್ಮ ಮೌನದ ಅರ್ಥ ಗೊತ್ತಿಲ್ಲ. ಗಂಟೆ ಕೇಳಿ, ಇನ್ನೊಂದು ಗಾಡಿ ಬರುತ್ತದೆಂದು ಕಾಯುತ್ತಾರೆ. ಅದಕ್ಕಾಗಿ ಆ ಖಾಲಿಯಲ್ಲಿ ‘ಹೆಣೆದ ದನಿ’ ಇಡಬೇಕೆಂಬ ಮಾತು ಬಂದಿದೆ. ಬದುಕಿರುವವರ ದನಿಯ ಎಳೆ ತೆಗೆದು, ಹೀಗಿದ್ದಿರಬಹುದು ಎಂದು ಸತ್ತವರ ದನಿಯನ್ನು ಯಂತ್ರದಲ್ಲಿ ನೇಯುವುದಕ್ಕೆ ಹಾಗೆನ್ನುತ್ತಾರೆ. ನನ್ನ ಗಂಟಲಿಂದ ಎಳೆ ತೆಗೆದು ನಿಮ್ಮನ್ನು ಹೆಣೆಯುತ್ತಾರಂತೆ. ಪಾಳಿ ನಮ್ಮ ಮನೆಯದಾದ್ದರಿಂದ ನಾನು ಒಪ್ಪಬೇಕು. ಕೇಳಿದ ದಿನವೇ ನಾನು ಬಾಗಿಲು ಹಾಕಿಕೊಂಡೆ. ರಕ್ತ ಎಲ್ಲಿಗೆ ಹೋದೀತು!

ಮೊನ್ನೆ ಆ ಮಂದಿಯ ಜುಬೈದಾ ಎಂಬ ಹೆಂಗಸು ಬಂದು ಕದದ ಆಚೆಯಿಂದಲೇ ಹೇಳಿದಳು: “ನಿಮ್ಮ ಅಜ್ಜಿಯ ಜಾಗ ನಮಗೆ ಬೇಡ ಅಕ್ಕ. ರೈಲು ಮುಗಿಯಿತು ಅಂತ ಒಬ್ಬರು ಹೇಳಿದರೆ ಸಾಕು. ನನ್ನ ಮಾವ ಕತ್ತಲಾಗುವ ತನಕ ಕೂತಿದ್ದರು. ಊರಿಗೆ ಹೋಗುವ ರೈಲು ಬರುತ್ತದೆ ಅಂತ.” ಅವರ ಊರು ನೀರಿನಡಿ ಇದೆ, ಆಯಿ. ಆ ಮುದುಕ ನಿಮ್ಮ ಚಪ್ಪಡಿಯ ಮೇಲೆಯೇ ಕೂತಿದ್ದನಂತೆ. ನಾನು ಕದ ತೆರೆದೆ. ನೀರು, ಬೆಲ್ಲ ಕೊಟ್ಟೆ.

ಹೆಣೆದ ದನಿಗೆ ನಾನು ಒಪ್ಪುವುದಿಲ್ಲ. ಅದು ನಿಮ್ಮದಲ್ಲ, ನನ್ನದೂ ಅಲ್ಲ. ಆದರೆ ಆ ಮುದುಕನನ್ನು ಮೌನದಲ್ಲಿ ಕೂರಿಸಿ ನಾನು ನಿಮ್ಮ ಹಟ ಕಾಯುತ್ತ ಇರಲಾರೆ. ಈ ಕಾಗದವನ್ನು ನಿಮ್ಮ ಚಪ್ಪಡಿಯ ಮೇಲಿನ ಗೂಡಿನಲ್ಲಿ, ದೀಪದ ಹಿಂದೆ ಇಡುತ್ತೇನೆ. ಅಲ್ಲಿಂದ ನಿಮ್ಮ ಕಿಟಕಿಗೆ ಹೇಗೆ ಬರುತ್ತದೆ ಎಂದು ಕೇಳಬೇಡಿ. ನಿಮ್ಮ ಬೆಲ್ಲ ಇಷ್ಟು ದೂರ ಬಂದಿದೆ, ನನ್ನ ಕಾಗದ ಅಷ್ಟು ದೂರ ಹೋಗದೆ ಇದ್ದೀತೇ?

ಆಯಿ, ಇನ್ನು ನನಗೆ ‘ನೀವು’ ಅನ್ನಲು ಆಗುವುದಿಲ್ಲ. ಶನಿವಾರ ಸಭೆಗೆ ಹೋಗು. ಒಡೆಯುವವರಿಗೆ ಒಪ್ಪಿಗೆ ಕೊಡು ಎಂದು ನಾನು ಹೇಳುತ್ತಿಲ್ಲ, ಬೈಯುವುದಿದ್ದರೆ ಎದುರಿಗೆ ನಿಂತು ಬೈದು ಬಾ. ನಿನ್ನ ಕಟ್ಟೆಯನ್ನೇ ಎಲ್ಲರೂ ಬಾಯಿ ತುಂಬ ಹೇಳಿದರು ಎಂಬುದು ನೆನಪಿರಲಿ. ಕೊನೆಗೆ ಪಿಂಟೊ ಮೇಡಂ, ‘ಕಡೇ ಮನೆಯವರು ಏನಾದರೂ ಹೇಳುತ್ತೀರಾ?’ ಎಂದು ಕೇಳುತ್ತಾರೆ. ಆಗ ಏಳು. ‘ಇಲ್ಲ’ ಅನ್ನಬೇಕಾಗಿಲ್ಲ. ದಿನಾ ಹೊತ್ತು ಮುಳುಗುವಾಗ ಸೂಜಿಯನ್ನು ಸೆರಗಿಗೆ ಸಿಕ್ಕಿಸಿ, ಕಟ್ಟೆಯಿಂದ ಏಳುವವರಿಗೆ ನೀನು ಏನು ಹೇಳುತ್ತೀಯೋ ಅದನ್ನೇ ಹೇಳು: “ಹೊತ್ತಾತು, ಹೋಗಿ ಬರ್ರಿ.” ಗಾಡಿ ಮುಗಿದದ್ದೂ ತಿಳಿಯುತ್ತದೆ, ಯಾರಿಗೂ ಇಲ್ಲ ಅಂದಂತೆಯೂ ಆಗುವುದಿಲ್ಲ. ಊರೇ ಇಲ್ಲದ ಆ ಮುದುಕನಿಗೂ ಯಾರೋ ಹೋಗಿ ಬಾ ಎಂದಂತೆ ಆಗುತ್ತದೆ.

ಸೋಮವಾರ ನಾನು ಕೇಳಿಕೆಗೆ ಹೋಗುತ್ತೇನೆ, ಆ ಮಾತನ್ನು ನಾನೇ ದಿನಾ ಕೂಗುತ್ತೇನೆ ಎಂದು ಹೇಳುತ್ತೇನೆ. ಸಂಜೆ ನಿನ್ನ ಚಪ್ಪಡಿಯ ಮೇಲೆ ಕೂತಿರುತ್ತೇನೆ, ಪಕ್ಕದಲ್ಲಿ ಜುಬೈದಾಳ ಮಾವ ಇರುತ್ತಾನೆ. ಗಂಟೆ ಬಾರಿಸುತ್ತದೆ. ಬಾರಿಸಿದ ಕೂಡಲೇ ನಾನು ಬಾಯಿ ತೆರೆಯುವುದಿಲ್ಲ. ಸ್ವಲ್ಪ ಹೊತ್ತು ತಡೆಯುತ್ತೇನೆ, ಆಯಿ. ಮೊದಲ ಪಾಳಿ ನಿನ್ನದು.

ನಿನ್ನ ಕಡೇ ಮನೆಯ
ಕಾಶವ್ವ